ಪೀಣ್ಯದ ಶೆಡ್ಡಿನಿಂದ ಟೆಕ್ ಪಾರ್ಕಿನ ನೆಲಮಾಳಿಗೆಗೆ

ಬೆಂಗಳೂರಿನಲ್ಲಿ ಕಾರ್ಖಾನೆ ಕೆಲಸಗಳು ಕಡಿಮೆಯಾಗಿ ಸೇವಾ ವಲಯದ ಕೆಲಸಗಳು ಹೆಚ್ಚಾದವು ಎಂಬ ಮಾತನ್ನು ಮೂವತ್ತು ವರ್ಷಗಳಿಂದ ಕೇಳುತ್ತ ಬಂದಿದ್ದೇನೆ. ಕಾರ್ಖಾನೆಯ ಗೇಟು ಮುಚ್ಚಿತು, ಅದರ ಜಾಗದಲ್ಲಿ ಗಾಜಿನ ಕಟ್ಟಡ ಎದ್ದಿತು, ಹಳಬರು ಮನೆಗೆ ಹೋದರು, ಇಂಗ್ಲಿಷ್ ಬಲ್ಲ ಹೊಸಬರು ಬಂದರು ಎಂದು ಆ ಕಥೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. 1994ರಿಂದ 2021ರವರೆಗೆ ಪೀಣ್ಯದ ಒಂದು ಮಷಿನ್ ಶಾಪಿನಲ್ಲಿ ಮೊದಲು ಲೇತ್ ಯಂತ್ರದಲ್ಲಿ ಲೋಹ ಕಡೆಯುವ ಟರ್ನರ್ ಆಗಿ, ಆಮೇಲೆ ಇನ್‌ಸ್ಪೆಕ್ಷನ್ ನೋಡಿಕೊಳ್ಳುವವನಾಗಿ ದುಡಿದು, ಈಗ ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕ್ ಒಂದರ ನೆಲಮಾಳಿಗೆಯಲ್ಲಿ ಕಟ್ಟಡ ತಂಪಾಗಿಡುವ ಚಿಲ್ಲರ್, ಪಂಪು, ಜನರೇಟರುಗಳ ನಿಗಾ ನೋಡುತ್ತಿರುವ ನನಗೆ ಆ ಕಥೆ ಅರ್ಧ ಮಾತ್ರ ಸರಿ ಎನಿಸುತ್ತದೆ. ಕೆಲಸಗಳು ಹೋದದ್ದು ನಿಜ. ಆದರೆ ಅನೇಕ ಕೆಲಸಗಳು ಎಲ್ಲಿಗೂ ಹೋಗದೆ, ಒಂದು ಕಂಪನಿಯ ಹಾಜರಿ ಪುಸ್ತಕದಿಂದ ಇನ್ನೊಂದರ ಹಾಜರಿ ಪುಸ್ತಕಕ್ಕೆ ದಾಟಿದವು. ಹಾಗೆ ದಾಟಿದವರಲ್ಲಿ ನಾನೂ ಒಬ್ಬನಾದ್ದರಿಂದ ಅದರ ವಿವರಗಳನ್ನು ಬರೆಯುತ್ತಿದ್ದೇನೆ.

ನಾನು ಗುಬ್ಬಿ ತಾಲ್ಲೂಕಿನವನು. ತುಮಕೂರಿನಲ್ಲಿ ಕೈಗಾರಿಕಾ ತರಬೇತಿ ಮುಗಿಸಿ, ಟರ್ನರ್ ಟ್ರೇಡಿನ ಸರ್ಟಿಫಿಕೇಟು ಹಿಡಿದು, ಬೆಂಗಳೂರಿನ ಸಾರ್ವಜನಿಕ ವಲಯದ ದೊಡ್ಡ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸ್ ಆಗಿ ಸೇರಿದ್ದೆ. 1940ರಲ್ಲಿ ಎಚ್‌ಎಎಲ್, 1948ರಲ್ಲಿ ದೂರವಾಣಿ ನಗರದ ಟೆಲಿಫೋನ್ ಕಾರ್ಖಾನೆ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್, 1964ರಲ್ಲಿ ಬಿಇಎಂಎಲ್ ಎಂದು ಸಾಲಾಗಿ ಹುಟ್ಟಿಕೊಂಡ ಕಾರ್ಖಾನೆಗಳು ನಮ್ಮಂಥ ಹಳ್ಳಿಯ ಹುಡುಗರ ಕಣ್ಣಿಗೆ ಸರ್ಕಾರಿ ನೌಕರಿಗಿಂತ ಒಂದು ಮೆಟ್ಟಿಲು ಮೇಲೆಯೇ ಇದ್ದವು. ಅಪ್ರೆಂಟಿಸ್ ಮುಗಿಸಿದವರನ್ನು ಅಲ್ಲೇ ಕಾಯಂ ಮಾಡಿಕೊಳ್ಳುವ ಕಾಲ ಮಾತ್ರ ನಾನು ಹೋಗುವ ಹೊತ್ತಿಗೆ ಮುಗಿದಿತ್ತು. 1991ರ ಹೊಸ ಕೈಗಾರಿಕಾ ನೀತಿ ಬಂದು, ಹೊಸ ನೇಮಕಾತಿ ನಿಂತು, ನೋಟಿಸ್ ಬೋರ್ಡಿನಲ್ಲಿ ವಿಆರ್‌ಎಸ್ (ಸ್ವಯಂ ನಿವೃತ್ತಿ) ಸುತ್ತೋಲೆಗಳು ಕಾಣತೊಡಗಿದ್ದವು. 1980ರ ಡಿಸೆಂಬರಿನಿಂದ 1981ರ ಮಾರ್ಚಿನವರೆಗೆ 77 ದಿನ ನಡೆದ ಸಾರ್ವಜನಿಕ ವಲಯದ ಮುಷ್ಕರದಲ್ಲಿ ಇದೇ ಐದು ಕಾರ್ಖಾನೆಗಳ ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಹೊರಗೆ ಬಂದು ಊರಿನ ಲೆಕ್ಕಾಚಾರವನ್ನೇ ನಿಲ್ಲಿಸಿದ್ದರು ಎಂದು ಹಿರಿಯರು ಕ್ಯಾಂಟೀನಿನಲ್ಲಿ ಹೇಳುತ್ತಿದ್ದರು. ಅದೇ ಹಿರಿಯರು ಹತ್ತು ವರ್ಷ ಕಳೆದ ಮೇಲೆ, ಮುಗಿದ ಸರ್ವೀಸಿಗೆ ಎಷ್ಟು, ಉಳಿದ ಸರ್ವೀಸಿಗೆ ಎಷ್ಟು ಎಂದು ಕ್ಯಾಲ್ಕುಲೇಟರಿನಲ್ಲಿ ವಿಆರ್‌ಎಸ್ ಹಣ ಲೆಕ್ಕ ಹಾಕುತ್ತ ಕುಳಿತಿದ್ದರು.

ಆ ಕಾರ್ಖಾನೆಯ ಒಂದು ಸಂಗತಿಯನ್ನು ಈಗ ಹೆಚ್ಚು ನೆನೆಯುತ್ತೇನೆ. ಲೇತ್ ಮೇಲೆ ನಿಂತವನಿಗೆ ಟೋಕನ್ ನಂಬರ್ ಇದ್ದಂತೆ, ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸಿಂಗ್ ಕಾಗದದ ಮೇಲೆ ಗೆರೆ ಎಳೆಯುವವನಿಗೂ, ಕ್ಯಾಂಟೀನಿನಲ್ಲಿ ಸಾಂಬಾರು ಬಡಿಸುವವನಿಗೂ, ಕಾರ್ಮಿಕರ ಬಸ್ಸು ಓಡಿಸುವವನಿಗೂ, ಗೇಟಿನ ಕಾವಲುಗಾರನಿಗೂ, ಔಷಧಾಲಯದ ಕಾಂಪೌಂಡರಿಗೂ, ತೋಟದ ಮಾಲಿಗೂ ಟೋಕನ್ ನಂಬರ್ ಇತ್ತು. ಎಲ್ಲರ ಸಂಬಳವೂ ಒಂದೇ ವೇತನ ಒಪ್ಪಂದದಿಂದ ಬರುತ್ತಿತ್ತು, ಬೋನಸ್ಸು ಒಂದೇ ದಿನ ಆಗುತ್ತಿತ್ತು. ಅವರಲ್ಲಿ ಅರ್ಧಕ್ಕರ್ಧ ಜನ ಕಬ್ಬಿಣವನ್ನು ಕೈಯಲ್ಲಿ ಮುಟ್ಟಿದವರೇ ಅಲ್ಲ, ಆದರೂ ಅವರೆಲ್ಲರೂ ಕಾರ್ಖಾನೆಯ ಕಾರ್ಮಿಕರೇ ಆಗಿದ್ದರು.

ಅಪ್ರೆಂಟಿಸ್ ಮುಗಿದ ಮೇಲೆ ನಮ್ಮ ಬ್ಯಾಚಿನವರು ಹೆಚ್ಚಾಗಿ ಪೀಣ್ಯದ ದಾರಿ ಹಿಡಿದೆವು. 1970ರ ದಶಕದಲ್ಲಿ ರೂಪುಗೊಂಡ ಆ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ ಬಹಳಷ್ಟು, ದೊಡ್ಡ ಕಾರ್ಖಾನೆಗಳು ಹೊರಗೆ ಕೊಡುತ್ತಿದ್ದ ಜಾಬ್ ವರ್ಕ್ ನಂಬಿಕೊಂಡೇ ಬದುಕಿದ್ದವು. ನಮ್ಮ ಯಜಮಾನರೂ ಒಂದು ಕಾಲದಲ್ಲಿ ಅಂಥದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದು, ರಾಜೀನಾಮೆ ಕೊಟ್ಟು, ಸಾಲ ಎತ್ತಿ, ಎರಡು ಲೇತು ಒಂದು ಮಿಲ್ಲಿಂಗ್ ಮಷಿನ್ನಿನಿಂದ ಶುರು ಮಾಡಿದವರು. ನಾನು ಸೇರಿದಾಗ ಮೂವತ್ತಕ್ಕೂ ಹೆಚ್ಚು ಜನರಿದ್ದೆವು. ಎಚ್‌ಎಂಟಿಯ ಎಲ್‌ಬಿ-17 ಲೇತುಗಳು ಸಾಲಾಗಿ ನಿಂತಿದ್ದವು. ಹಳೆಯವಾದರೂ ಬೆಡ್ಡು ಸವೆಯದೆ ಇದ್ದ ಗಟ್ಟಿ ಯಂತ್ರಗಳವು. ಸ್ಪಿಂಡಲ್ ಷಾಫ್ಟು, ಸ್ಲೀವು, ಗೇರ್ ಬ್ಲ್ಯಾಂಕು ನಮ್ಮ ಮುಖ್ಯ ಕೆಲಸ. ಬೇರಿಂಗ್ ಕೂರುವ ಜಾಗದಲ್ಲಿ ಹತ್ತು ಹನ್ನೆರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ) ಹೆಚ್ಚುಕಡಿಮೆಯಾದರೆ ಜಾಬು, ಅಂದರೆ ನಾವು ಕಡೆದ ಬಿಡಿಭಾಗ, ತಿರಸ್ಕೃತವಾಗುತ್ತಿತ್ತು. ಜಾಬನ್ನು ಲೇತಿನ ಹಿಡಿಕೆಯಾದ ಚಕ್ಕಿಗೆ ಕಚ್ಚಿಸಿ, ಸೂಕ್ಷ್ಮ ಅಲುಗಾಟವನ್ನೂ ತೋರಿಸುವ ಡಯಲ್ ಗೇಜಿನ ಮುಳ್ಳು ಅಲುಗದ ಹಾಗೆ ಟ್ರೂ ಮಾಡಿ, ಕೊನೆಯ ಕಟ್ಟನ್ನು ಉಸಿರು ಬಿಗಿಹಿಡಿದು ತೆಗೆಯುವ ಆ ಕೆಲಸದಲ್ಲಿ ಒಂದು ಸಮಾಧಾನವಿತ್ತು. ಸಂಜೆ ಹೊತ್ತಿಗೆ ಟ್ರೇಯಲ್ಲಿ ಎಷ್ಟು ಜಾಬು ನಿಂತಿವೆ ಎಂಬುದು ಯಾರ ಕಣ್ಣಿಗೂ ಕಾಣುತ್ತಿತ್ತು, ಅದರ ಬಗ್ಗೆ ವಾದ ಮಾಡುವ ಅಗತ್ಯ ಬೀಳುತ್ತಿರಲಿಲ್ಲ.

ಇಳಿಗಾಲ ಒಂದೇ ಪೆಟ್ಟಿಗೆ ಬರಲಿಲ್ಲ. ಮೊದಲು ನಮ್ಮ ಗಿರಾಕಿಗಳೇ ಬಡವಾದರು. ಜರ್ಮನಿಯ ಎಇಜಿ ಸಹಯೋಗದಲ್ಲಿ ಬೈಯಪ್ಪನಹಳ್ಳಿಯಲ್ಲಿ ನಡೆಯುತ್ತಿದ್ದ ವಿದ್ಯುತ್ ಉಪಕರಣಗಳ ಕಾರ್ಖಾನೆ ಎನ್‌ಜಿಇಎಫ್ 2002ರಲ್ಲಿ ಮುಚ್ಚಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತಾದರೂ, ಅದರ ಉಸಿರು ಅದಕ್ಕೂ ಎಷ್ಟೋ ಮುಂಚೆ ನಿಂತಿತ್ತು. ಊರಿನ ಒಳಗೆ ಬಟ್ಟೆ ಗಿರಣಿಗಳ ಕಥೆಯೂ ಹೀಗೆಯೇ ಆಗಿ, ಮಲ್ಲೇಶ್ವರದ ರಾಜಾ ಮಿಲ್ಲಿನ ಜಾಗದಲ್ಲಿ ಮಂತ್ರಿ ಮಾಲ್ ಬಂತು, ಮಿನರ್ವ ಮಿಲ್ಲಿನ ಜಾಗದಲ್ಲಿ ಲುಲು ಮಾಲ್ ಬಂತು. ಎಲ್ಲವೂ ಮುಳುಗಿತು ಎಂದು ಹೇಳುವುದು ಮಾತ್ರ ತಪ್ಪು. ಬಿಇಎಲ್, ಎಚ್‌ಎಎಲ್ ರಕ್ಷಣಾ ಇಲಾಖೆಯ ಆರ್ಡರುಗಳ ಬಲದಿಂದ ಗಟ್ಟಿಯಾಗಿಯೇ ಇವೆ. ಪೀಣ್ಯದಲ್ಲೇ ಹುಟ್ಟಿದ ಏಸ್‌ನಂಥ ಕಂಪನಿಗಳು ದೇಶಕ್ಕೆಲ್ಲ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಲೇತು ಮಾಡಿಕೊಡುತ್ತಿವೆ. ನಮ್ಮ ಯಜಮಾನರೂ ಸಿಎನ್‌ಸಿ ಕೊಂಡರು. ಕೊಂಡ ಮೇಲೆ ನಾಲ್ಕು ಲೇತಿನ ಕೆಲಸವನ್ನು ಒಂದು ಯಂತ್ರ, ಒಬ್ಬ ಹುಡುಗ ಮಾಡತೊಡಗಿದ್ದರಿಂದ, ಆರ್ಡರು ಇದ್ದ ವರ್ಷಗಳಲ್ಲೂ ನಮ್ಮ ಸಂಖ್ಯೆ ಇಳಿಯುತ್ತಲೇ ಹೋಯಿತು. ಉದ್ಯೋಗ ಇಳಿಮುಖವಾದರೆ ಉತ್ಪಾದನೆಯೂ ಇಳಿಯಿತೆಂದು ಅರ್ಥವಲ್ಲ. ಪತ್ರಿಕೆಗಳಲ್ಲಿ ಈ ಎರಡನ್ನೂ ಕಲಸಿ ಬರೆಯುವುದನ್ನು ನೋಡಿದಾಗ ನನಗೆ ಬೇಸರವಾಗುತ್ತದೆ.

ಬಾಡಿಗೆಯ ಒತ್ತಡ ಇನ್ನೊಂದು ಕಡೆಯಿಂದ ಬಂತು. 2014ರ ಮಾರ್ಚಿನಲ್ಲಿ ಪೀಣ್ಯಕ್ಕೆ ಮೆಟ್ರೊ ಬಂದ ಮೇಲೆ ಮುಖ್ಯರಸ್ತೆಯ ಶೆಡ್ಡುಗಳು ಒಂದೊಂದಾಗಿ ಶೋರೂಮು, ಗೋದಾಮು, ಕಲ್ಯಾಣ ಮಂಟಪಗಳಾದವು. ಲೇತು ಓಡಿಸಿ ತಿಂಗಳಿಗೆ ಉಳಿಯುವುದಕ್ಕಿಂತ ಖಾಲಿ ಶೆಡ್ಡಿನ ಬಾಡಿಗೆಯೇ ಹೆಚ್ಚು ಎಂದಾದ ಮೇಲೆ, ವಯಸ್ಸಾದ ಯಜಮಾನನಿಗೆ ಲೇತು ಓಡಿಸು ಎಂದು ಯಾರು ಹೇಳಲು ಸಾಧ್ಯ? ನೋಟು ರದ್ದತಿ, ಜಿಎಸ್‌ಟಿ, ದೊಡ್ಡ ಗಿರಾಕಿಗಳಿಂದ ತಿಂಗಳುಗಟ್ಟಲೆ ಬಾರದ ಪಾವತಿ ಇವನ್ನೆಲ್ಲ ಹೇಗೋ ದಾಟಿದ್ದ ಅವರು 2020ರ ಲಾಕ್‌ಡೌನಿನ ಬಳಿಕ ಸೋತರು. ಮಕ್ಕಳಿಬ್ಬರೂ ಸಾಫ್ಟ್‌ವೇರಿನಲ್ಲಿದ್ದರು, ಇಬ್ಬರಿಗೂ ಶೆಡ್ಡು ಬೇಕಿರಲಿಲ್ಲ. 2021ರಲ್ಲಿ ಒಂದು ದಿನ ಊಟದ ಬಿಡುವಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು, “ಇನ್ನು ನನ್ನ ಕೈಲಿ ಆಗಲ್ಲಪ್ಪ. ಯಾರ ಲೆಕ್ಕಾನೂ ಬಾಕಿ ಇಡಲ್ಲ, ಒಂದೆರಡು ತಿಂಗಳು ಟೈಮ್ ಕೊಡಿ” ಎಂದರು.

ನೂರಕ್ಕಿಂತ ಕಡಿಮೆ ಜನರಿರುವ ಘಟಕ ಮುಚ್ಚಲು ಆಗ ಸರ್ಕಾರದ ಪೂರ್ವಾನುಮತಿ ಬೇಕಿರಲಿಲ್ಲ. ನೋಟಿಸ್ ಕೊಟ್ಟು, ಪೂರೈಸಿದ ಪ್ರತಿ ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಪರಿಹಾರ ಕೊಟ್ಟರೆ ಕಾನೂನಿನ ಲೆಕ್ಕ ಮುಗಿಯುತ್ತಿತ್ತು. ದೀರ್ಘ ಸೇವೆಗೆ ಕೊಡುವ ಗ್ರಾಚ್ಯುಟಿ ಬೇರೆ. ಕೊನೆಯ ಮೂಲವೇತನ ಮತ್ತು ತುಟ್ಟಿಭತ್ಯೆಯ ಮೊತ್ತವನ್ನು ಹದಿನೈದರಿಂದ ಗುಣಿಸಿ, ಇಪ್ಪತ್ತಾರರಿಂದ ಭಾಗಿಸಿ, ಬಂದದ್ದನ್ನು ಸರ್ವೀಸಿನ ವರ್ಷಗಳಿಂದ ಗುಣಿಸಬೇಕಿತ್ತು. ನನ್ನ ಮೂಲವೇತನ, ತುಟ್ಟಿಭತ್ಯೆ ಸೇರಿ 19,000 ರೂಪಾಯಿ ಇತ್ತು. ಇಪ್ಪತ್ತೇಳು ವರ್ಷಕ್ಕೆ ಮೂರು ಲಕ್ಷಕ್ಕೆ ತುಸು ಕಡಿಮೆ ಬಂತು. ಯಜಮಾನರು ಅದನ್ನು ಒಂದೇ ಚೆಕ್ಕಿನಲ್ಲಿ ಕೊಟ್ಟು, ಪರಿಹಾರದ ಹಣವನ್ನು ಯಂತ್ರಗಳು ಮಾರಿದಂತೆಲ್ಲ ಕಂತಿನಲ್ಲಿ ತೀರಿಸಿದರು. ಪೀಣ್ಯದಲ್ಲಿ ಇದು ಎಲ್ಲರಿಗೂ ಸಿಗುವ ಭಾಗ್ಯವಲ್ಲ. ಪಿಎಫ್ ಹಣವನ್ನು ಮಾತ್ರ ತೆಗೆಯಬೇಡಿ ಎಂದು ಲೆಕ್ಕಪತ್ರ ನೋಡುತ್ತಿದ್ದ ಹುಡುಗಿ ಹೇಳಿದ್ದು ಒಳ್ಳೆಯದಾಯಿತು. ಅದೇ ಯುಎಎನ್ (ಪಿಎಫ್ ಸದಸ್ಯನ ಗುರುತಿನ) ನಂಬರು ಮುಂದಿನ ಕೆಲಸಕ್ಕೂ ನಡೆಯುತ್ತದೆ, ಪಿಂಚಣಿಯ ಸರ್ವೀಸು ಮುರಿಯುವುದಿಲ್ಲ, ಆದರೆ ಹಳೆಯ ಕಂಪನಿಯ ಕೆಲಸ ಬಿಟ್ಟ ದಿನಾಂಕ ಪೋರ್ಟಲಿನಲ್ಲಿ ನಮೂದಾಗಿರಬೇಕು. ಈ ಮಾತನ್ನು ಕೇಳದೆ ಹಣ ತೆಗೆದು ಮಗಳ ಮದುವೆ ಮಾಡಿದ ಗೆಳೆಯನನ್ನು ನಾನು ದೂಷಿಸಲಾರೆ.

ಶೆಡ್ಡನ್ನು ಆನ್‌ಲೈನ್ ವ್ಯಾಪಾರದ ಕಂಪನಿಯೊಂದು ಪಾರ್ಸೆಲ್ ವಿಂಗಡಣೆಗೆಂದು ಬಾಡಿಗೆಗೆ ಹಿಡಿಯಿತು. ಈಗ ಅಲ್ಲಿಗೆ ದಿನವೂ ಬಂದುಹೋಗುವವರು ನಮಗಿಂತ ಎಷ್ಟೋ ಹೆಚ್ಚು. ಎಲ್ಲರೂ ಸ್ವಂತ ಬೈಕು, ಸ್ವಂತ ಪೆಟ್ರೋಲಿನ ಹುಡುಗರು, ಅವರಲ್ಲಿ ಯಾರ ಹೆಸರೂ ಆ ಶೆಡ್ಡಿನ ಹಾಜರಿ ಪುಸ್ತಕದಲ್ಲಿಲ್ಲ. ಇಂಥವರಿಗಾಗಿ ರಾಜ್ಯ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನು ತಂದು, ಪ್ರತಿ ವಹಿವಾಟಿನ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸಲು ಅವಕಾಶ ಮಾಡಿಕೊಂಡಿದೆ. ಅದರ ಫಲ ಅವರ ಕೈಸೇರುವುದನ್ನು ನೋಡಬೇಕು.

ಕೆಲಸ ಹುಡುಕಲು ಹೊರಟಾಗ ನನಗೆ ಎರಡು ದಾರಿಗಳು ಕಂಡವು. ಪೀಣ್ಯದಲ್ಲೇ ಇನ್ನೊಂದು ಶಾಪು ಸೇರಬಹುದಿತ್ತು. ಆದರೆ ಅವರಿಗೆ ಬೇಕಾದದ್ದು ಪ್ರೋಗ್ರಾಂ ಬರೆಯಬಲ್ಲ ಸೆಟ್ಟರ್, ಇಲ್ಲವಾದರೆ ಬಟನ್ ಒತ್ತಿ ಜಾಬು ಬದಲಿಸುವ ಇಪ್ಪತ್ತರ ಹುಡುಗ. ಐವತ್ತು ಸಮೀಪಿಸಿದ ಟರ್ನರನಿಗೆ ಆ ಎರಡರ ನಡುವೆ ಜಾಗವಿರಲಿಲ್ಲ. ಹಳೆಯ ಸಹೋದ್ಯೋಗಿಗಳಲ್ಲಿ ಒಬ್ಬರು ಕ್ಯಾಬ್ ಓಡಿಸತೊಡಗಿದ್ದರು, ಇನ್ನೊಬ್ಬರು ಅಪಾರ್ಟ್‌ಮೆಂಟಿನ ಸೆಕ್ಯುರಿಟಿಗೆ ಸೇರಿದ್ದರು. ಯಂತ್ರ ಕೂರಿಸಿ ದುರಸ್ತಿ ಮಾಡುವ ಮಿಲ್‌ರೈಟ್ ಆಗಿದ್ದ ಮೂರನೆಯವರು, “ಟೆಕ್ ಪಾರ್ಕಿಗೆ ಬನ್ನಿ, ಅಲ್ಲೂ ಮಷಿನ್ನೇ ಇರೋದು, ನೋಡೋಕೆ ಯಾರೂ ಬರಲ್ಲ ಅಷ್ಟೆ” ಎಂದು ಒಂದು ಏಜೆನ್ಸಿಯ ಫೋನ್ ನಂಬರು ಕೊಟ್ಟರು.

ಆ ಏಜೆನ್ಸಿ ಕಟ್ಟಡಗಳ ನಿರ್ವಹಣೆಯ ಗುತ್ತಿಗೆ ಹಿಡಿಯುವಂಥದು. ಸಂದರ್ಶನ ಮಾಡಿದ ತರುಣ ನನ್ನ ಸರ್ಟಿಫಿಕೇಟುಗಳನ್ನು ಮರ್ಯಾದೆಯಿಂದಲೇ ನೋಡಿದ. ಆದರೆ ಅವನು ಕೇಳಿದ ಪ್ರಶ್ನೆಗಳು ಬೇರೆ. ಎಕ್ಸೆಲ್ ಬರುತ್ತದೆಯೇ, ಇಂಗ್ಲಿಷಿನಲ್ಲಿ ಲಾಗ್ ಬರೆಯುತ್ತೀರಾ, ರಾತ್ರಿ ಪಾಳಿ ಮಾಡುತ್ತೀರಾ, ಗಿರಾಕಿ ಸಿಟ್ಟು ಮಾಡಿದರೆ ಏನು ಹೇಳುತ್ತೀರಿ? ಇಪ್ಪತ್ತೇಳು ವರ್ಷದಲ್ಲಿ ನನ್ನ ಮೇಲೆ ಸಿಟ್ಟು ಮಾಡಿದ್ದು ಮೈಕ್ರೊಮೀಟರ್ ಒಂದೇ ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಪೊಲೀಸ್ ವೆರಿಫಿಕೇಷನ್ ಪತ್ರ, ಆಧಾರ್, ಯುಎಎನ್, ಎರಡು ಜೊತೆ ಸಮವಸ್ತ್ರಕ್ಕೆ ಅಳತೆ ಇಷ್ಟರಲ್ಲಿ ನೇಮಕಾತಿ ಮುಗಿಯಿತು. ತಿಂಗಳ ಸಂಬಳ 20,500 ಎಂದರು. ಪೀಣ್ಯದಲ್ಲಿ ಓಟಿ ಇಲ್ಲದೆಯೇ 24,000 ಮುಟ್ಟಿದ್ದವನಿಗೆ ಅದು ಇಳಿಕೆಯೇ ಆದರೂ, ಒಂದು ವಿಚಿತ್ರ ಅನುಕೂಲವಾಯಿತು. ಕಾರ್ಮಿಕರ ಆರೋಗ್ಯ ವಿಮೆಯಾದ ಇಎಸ್‌ಐ ವ್ಯಾಪ್ತಿಗೆ ಬರಲು ಆಗ ತಿಂಗಳ ವೇತನದ ಮಿತಿ 21,000 ರೂಪಾಯಿ ಇತ್ತು. ಪೀಣ್ಯದಲ್ಲಿ ಸಂಬಳ ಆ ಗೆರೆ ದಾಟಿದ ಮೇಲೆ ಹೊರಬಿದ್ದಿದ್ದ ನಮ್ಮ ಕುಟುಂಬ, ಸಂಬಳ ಇಳಿದದ್ದರಿಂದ ಮತ್ತೆ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಸಾಲಿಗೆ ಸೇರಿಕೊಂಡಿತು. ನನ್ನ ಹೆಂಡತಿಯ ಮೊಣಕಾಲಿನ ಚಿಕಿತ್ಸೆ ಅಲ್ಲೇ ಆಯಿತು.

ಮೊದಲ ಬದಲಾವಣೆ ದಾರಿಯದು. ದಾಸರಹಳ್ಳಿಯ ಮನೆಯಿಂದ ಶೆಡ್ಡಿಗೆ ನಡೆದು ಹೋಗುತ್ತಿದ್ದವನು ಈಗ ಹೆಬ್ಬಾಳಕ್ಕೆ ಬಂದು, ಅಲ್ಲಿಂದ 500ಡಿ ಬಸ್ಸು ಹಿಡಿದು, ಹೊರ ವರ್ತುಲ ರಸ್ತೆಯ ಟ್ರಾಫಿಕ್ಕಿನಲ್ಲಿ ನಿಂತು ಹೋಗಬೇಕು. ಮೇಲಿನ ಅಂತಸ್ತುಗಳಲ್ಲಿ ದುಡಿಯುವವರಿಗೆ ಕಂಪನಿಯ ಕ್ಯಾಬು ಮನೆ ಬಾಗಿಲಿಗೆ ಬರುತ್ತದೆ. ಹೌಸ್‌ಕೀಪಿಂಗಿನ ಹೆಣ್ಣುಮಕ್ಕಳು, ಕಾವಲಿನವರು, ಫುಡ್ ಕೋರ್ಟಿನವರು, ನಾವು ಬಸ್ಸಿನವರು. ಹಳೆಯ ಕಾರ್ಖಾನೆಗಳ ಬಸ್ಸಿನಲ್ಲಿ ಫೋರ್‌ಮನ್ನೂ ಹೆಲ್ಪರನೂ ಒಂದೇ ಸೀಟಿನಲ್ಲಿ ಕುಳಿತು ಜಗಳವಾಡುತ್ತಿದ್ದರು.

ನೆಲಮಾಳಿಗೆಗೆ ಇಳಿದ ಮೇಲೆ ಮಿಲ್‌ರೈಟ್ ಗೆಳೆಯ ಹೇಳಿದ್ದು ನಿಜವೆಂದು ತಿಳಿಯಿತು. ಹೊರಗಿನಿಂದ ನೋಡಿದರೆ ಗಾಜು, ಒಳಗೆ ಕಂಪ್ಯೂಟರು. ಕೆಳಗೆ ಮಾತ್ರ ಪೂರಾ ಕಾರ್ಖಾನೆ. ಮೇಲಿನ ಸಾವಿರಾರು ಜನರಿಗೆ ತಂಪು ಗಾಳಿ ಕಳಿಸಲು ನೂರಾರು ಟನ್ ಸಾಮರ್ಥ್ಯದ ಚಿಲ್ಲರುಗಳು, ಅವುಗಳ ಬಿಸಿಯನ್ನು ಮೇಲ್ಛಾವಣಿಯ ಕೂಲಿಂಗ್ ಟವರಿಗೆ ಒಯ್ಯುವ ಪಂಪುಗಳು, ಬೆಸ್ಕಾಂ ಕರೆಂಟು ಹೋದ ಕೆಲವೇ ಸೆಕೆಂಡಿನಲ್ಲಿ ಎದ್ದು ನಿಲ್ಲಬೇಕಾದ ಜನರೇಟರುಗಳು, ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿ, ಬೆಂಕಿ ನಂದಿಸುವ ಪಂಪುಗಳು. ಗಂಟೆಗೊಮ್ಮೆ ಒತ್ತಡ, ತಾಪಮಾನ, ಆಂಪಿಯರ್ ಓದಿ ಲಾಗ್‌ಶೀಟಿನಲ್ಲಿ ಬರೆಯಬೇಕು. ಬಿಲ್ಡಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎಂಬ ಪರದೆಯಲ್ಲಿ ಅದೇ ಅಂಕಿಗಳು ತಾವಾಗಿಯೇ ಕಾಣುತ್ತಿದ್ದರೂ, ಆಡಿಟ್‌ಗೆ ಕೈಬರಹದ ಹಾಳೆ ಬೇಕೇ ಬೇಕು.

ನನ್ನ ಹಳೆಯ ವಿದ್ಯೆ ಮೊದಲು ಬಳಕೆಗೆ ಬಂದದ್ದು ಒಂದು ಕಂಡೆನ್ಸರ್ ಪಂಪಿನಿಂದ. ಪಂಪು, ಮೋಟಾರುಗಳ ಷಾಫ್ಟನ್ನು ಜೋಡಿಸುವ ಅದರ ಕಪ್ಲಿಂಗಿನ ರಬ್ಬರ್ ಬುಷ್ ಕೆಲವೇ ವಾರಗಳಲ್ಲಿ ಪುಡಿಯಾಗುತ್ತಿತ್ತು. ಪ್ರತಿ ಸಲವೂ ಹೊರಗಿನ ಮೆಕ್ಯಾನಿಕ್ ಬಂದು ಹೊಸ ಬುಷ್ ಹಾಕಿ ಬಿಲ್ಲು ಕೊಟ್ಟು ಹೋಗುತ್ತಿದ್ದ. ಒಂದು ಭಾನುವಾರ, ಲೋಡ್ ಕಡಿಮೆ ಇದ್ದ ಹೊತ್ತು, ಮನೆಯಿಂದ ನನ್ನ ಡಯಲ್ ಗೇಜು ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡು ತಂದೆ. ಪಂಪಿನ ಕಡೆಯ ಅರ್ಧಕ್ಕೆ ಸ್ಟ್ಯಾಂಡು ಅಂಟಿಸಿ, ಮೋಟಾರಿನ ಕಡೆಯ ಅರ್ಧದ ಮೇಲೆ ಮುಳ್ಳು ಕೂರಿಸಿ, ಷಾಫ್ಟುಗಳನ್ನು ಒಟ್ಟಿಗೆ ಕೈಯಲ್ಲಿ ತಿರುಗಿಸಿದರೆ, ಮೇಲಿನಿಂದ ಕೆಳಕ್ಕೆ ಬರುವಷ್ಟರಲ್ಲಿ ಮುಳ್ಳು 0.80 ಮಿಲಿಮೀಟರ್ ಓಡಿತು. ಎರಡು ಷಾಫ್ಟುಗಳ ಕೇಂದ್ರ 0.40 ಹೆಚ್ಚುಕಡಿಮೆ ಇದೆ ಎಂದು ಅದರ ಅರ್ಥ. ಮೋಟಾರಿನ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದಾಗ ಒಂದು ಕಾಲು ಮೇಲಕ್ಕೆ ಚಿಮ್ಮಿತು. ಆ ಕಾಲು ಬೇಸ್ ಪ್ಲೇಟಿನ ಮೇಲೆ ಕೂತೇ ಇರಲಿಲ್ಲ, ಬೋಲ್ಟಿನ ಬಿಗಿತಕ್ಕೆ ಮೋಟಾರೇ ತಿರುಚಿಕೊಂಡು ನಿಂತಿತ್ತು. ಹಿತ್ತಾಳೆಯ ಹಾಳೆ ಕತ್ತರಿಸಿ ಆ ಕಾಲಿನ ಕೆಳಗೆ ಷಿಮ್ ಹಾಕಿ, ಬಿಗಿಸಿ, ಮತ್ತೆ ತಿರುಗಿಸಿ, ಮಧ್ಯಾಹ್ನದ ಹೊತ್ತಿಗೆ ಮುಳ್ಳಿನ ಓಟವನ್ನು ಹತ್ತನೇ ಒಂದು ಮಿಲಿಮೀಟರಿನ ಒಳಗೆ ತಂದೆ. ಆಮೇಲೆ ಆ ಬುಷ್ ವರ್ಷ ದಾಟಿತು.

ಸಾಫ್ಟ್‌ವೇರಿನಲ್ಲಿ ಈ ಕೆಲಸವನ್ನು ದಾಖಲಿಸಲು ಹೋದರೆ ಅದಕ್ಕೆ ಹೊಂದುವ ಶೀರ್ಷಿಕೆಯೇ ಇರಲಿಲ್ಲ. ಕೊನೆಗೆ ‘ಬುಷ್ ಬದಲಾವಣೆ’ ಎಂದು ಟಿಕೆಟ್ (ದೂರಿನ ದಾಖಲೆ) ಮುಚ್ಚಿದೆವು. ಇಲ್ಲಿ ದುಡಿಮೆಯನ್ನು ಅಳೆಯುವುದು ಬಂದ ಟಿಕೆಟ್ಟನ್ನು ಎಷ್ಟು ನಿಮಿಷದಲ್ಲಿ ಮುಚ್ಚಿದಿರಿ ಎಂಬುದರಿಂದ. ಕೆಡದೆ ಉಳಿದ ಪಂಪು ಯಾವ ಟಿಕೆಟ್ಟನ್ನೂ ತರುವುದಿಲ್ಲ, ಆದ್ದರಿಂದ ಯಾವ ಲೆಕ್ಕಕ್ಕೂ ಬರುವುದಿಲ್ಲ. ಮೂರು ತಿಂಗಳಿಗೊಮ್ಮೆ ನಡೆಯುವ ಪರಿಶೀಲನಾ ಸಭೆಯಲ್ಲಿ, ದೂರುಗಳು ಕಡಿಮೆಯಾಗಿರುವುದರಿಂದ ರಾತ್ರಿ ಪಾಳಿಯಲ್ಲಿ ಒಬ್ಬನನ್ನು ಕಡಿತ ಮಾಡಬಹುದಲ್ಲ ಎಂಬ ಸಲಹೆ ಬಂತಂತೆ. ಟ್ರೇಯಲ್ಲಿ ಜಾಬು ಎಣಿಸಿ ಸಂಬಳ ಕೇಳುತ್ತಿದ್ದ ಶಾಪಿನ ನ್ಯಾಯವೇ ಎಷ್ಟೋ ಮೇಲಿತ್ತು ಎಂದು ನನಗೆ ಅಂದು ಅನಿಸಿತು. ಸೇವಾ ವಲಯದ ದುಡಿಮೆಯಲ್ಲಿ ಒಳ್ಳೆಯ ಕೆಲಸಕ್ಕೆ ಸಾಕ್ಷಿ ಉಳಿಯುವುದಿಲ್ಲ. ಇದರ ನಷ್ಟವನ್ನು ಸಂಬಳದ ಚೀಟಿಯಲ್ಲಿ ಅಳೆಯಲು ಬಾರದು.

ಆರನೇ ಅಂತಸ್ತಿನಲ್ಲಿ ಯುರೋಪಿನ ವಾಹನ ಕಂಪನಿಯೊಂದರ ಎಂಜಿನಿಯರಿಂಗ್ ಕೇಂದ್ರವಿದೆ. ಅಲ್ಲಿ ಗೇರ್‌ಬಾಕ್ಸ್ ವಿನ್ಯಾಸವಾಗುತ್ತದೆ ಎಂದು ತಿಳಿದದ್ದು ಒಬ್ಬ ಎಂಜಿನಿಯರ್ ಹುಡುಗಿಯಿಂದ. ಲೋಡಿಂಗ್ ಬೇಯಲ್ಲಿ ಕೊರಿಯರ್ ಪೆಟ್ಟಿಗೆ ಬಿಡಿಸಿ, ಎರಡು ಷಾಫ್ಟುಗಳನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದಳು. ನಮ್ಮ ಸೂಪರ್‌ವೈಸರ್ ನನ್ನ ವಿಷಯ ಹೇಳಿದ್ದನೆಂದು ಕಾಣುತ್ತದೆ.

“ಅಂಕಲ್, ನೀವು ಲೇತ್ ಕೆಲಸ ಮಾಡಿದ್ದೀರಂತೆ? ಇದನ್ನ ಮಾಡಿದವರು ಈ ಮೂಲೆ ಸರಿಯಾಗಿ ಬರಲ್ಲ ಅಂತ ಬರೆದಿದ್ದಾರೆ, ಯಾಕೆ ಅಂತ ಗೊತ್ತಾಗ್ತಿಲ್ಲ.”

ಬೆಳಕಿಗೆ ಹಿಡಿದು ನೋಡಿದೆ. “ಇಲ್ಲಿ ಅಂಡರ್‌ಕಟ್ ಕೊಟ್ಟಿಲ್ಲವಲ್ಲಮ್ಮ. ಗ್ರೈಂಡಿಂಗ್ ವೀಲಿನ ಅಂಚು ದುಂಡಗೆ ಸವೆದಿರುತ್ತೆ, ಮೂಲೆವರೆಗೂ ಹೋಗಲ್ಲ. ಒಂದು ಸಣ್ಣ ಗ್ರೂವ್ ತೋಡಿ ಬಿಟ್ಟರೆ ವೀಲು ಆಚೆ ಬರುತ್ತೆ.”

ಅವಳು ಫೋನಿನಲ್ಲಿ ಬರೆದುಕೊಂಡಳು. ಬುದ್ಧಿವಂತೆ, ಒಂದೇ ಮಾತಿಗೆ ಅರ್ಥವಾಯಿತು. ಆದರೆ ಷಾಫ್ಟು ತಿರುಗುವ ಲೇತನ್ನು ಕಾಲೇಜಿನ ವರ್ಕ್‌ಶಾಪ್ ಬಿಟ್ಟರೆ ಬೇರೆಲ್ಲೂ ನೋಡಿಲ್ಲ ಎಂದಳು. ನಮ್ಮ ಕಾಲದಲ್ಲಿ ಡ್ರಾಯಿಂಗ್ ಆಫೀಸಿನವರು ಮೆಟ್ಟಿಲಿಳಿದು ಶಾಪಿಗೆ ಬಂದು, “ಏನ್ರೀ, ಇದು ಮಾಡಕ್ಕಾಗುತ್ತಾ?” ಎಂದು ಕೇಳಿಕೊಂಡು ಹೋಗುತ್ತಿದ್ದರು. ಆಗ ಆ ಮಾತಿಗೆ ಐದು ನಿಮಿಷ ಸಾಕಾಗುತ್ತಿತ್ತು. ಅವಳ ಡ್ರಾಯಿಂಗ್ ಬೆಂಗಳೂರಿನಿಂದ ಯುರೋಪಿಗೆ ಹೋಗಿ, ಅಲ್ಲಿಂದ ಇನ್ನೆಲ್ಲಿಗೋ ಹೋಗಿ ಷಾಫ್ಟಾಗಿ, ಕೊರಿಯರಿನಲ್ಲಿ ಮರಳಿ ಬಂದಿತ್ತು.

ಆಗ ನನಗೆ ಊರಿನ ಬದಲಾವಣೆ ಬೇರೆಯೇ ಆಗಿ ಕಂಡಿತು. ಟೋಕನ್ ನಂಬರಿನ ಆ ಹಳೆಯ ಕಾರ್ಖಾನೆಯನ್ನು ಬಿಡಿಬಿಡಿಯಾಗಿ ಬಿಚ್ಚಿ ಬೇರೆ ಬೇರೆ ಕಂಪನಿಗಳಿಗೆ ಹಂಚಿದ್ದಾರೆ. ಡ್ರಾಯಿಂಗ್ ಆಫೀಸು ಆರನೇ ಅಂತಸ್ತಿಗೆ, ಯಂತ್ರ ನೋಡುವವರು ನೆಲಮಾಳಿಗೆಗೆ, ಬಸ್ಸು ಕ್ಯಾಬ್ ಕಂಪನಿಗೆ, ಕ್ಯಾಂಟೀನು ಫುಡ್ ಕೋರ್ಟಿಗೆ, ಗೇಟು ಸೆಕ್ಯುರಿಟಿ ಏಜೆನ್ಸಿಗೆ ಹೋಗಿದೆ. ಲೇತು ಮಾತ್ರ ಊರಿನಿಂದ ಆಚೆ ಹೋಯಿತು. ಎಲ್ಲವೂ ಬಿಚ್ಚಿಕೊಂಡ ಭಾಗಗಳೇ ಎಂದು ನಾನು ವಾದಿಸುವುದಿಲ್ಲ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದ ಮೇಲೆ, ಎಲೆಕ್ಟ್ರಾನಿಕ್ಸ್ ಸಿಟಿ, ವೈಟ್‌ಫೀಲ್ಡುಗಳಲ್ಲಿ ಹುಟ್ಟಿದ ಸಾಫ್ಟ್‌ವೇರ್ ಕೆಲಸಗಳು ಯಾವ ಕಾರ್ಖಾನೆಯ ಒಳಗೂ ಇದ್ದಂಥವಲ್ಲ, ಅವು ಹೊಸವೇ. ಆದರೆ ಆ ಹೊಸ ಕೆಲಸಗಳ ಸುತ್ತ ನಿಂತಿರುವ ನಮ್ಮಂಥವರ ದಂಡನ್ನು ಹೊಸ ಉದ್ಯೋಗವೆಂದು ಬರೆದುಕೊಳ್ಳುವಾಗ, ಅದರಲ್ಲಿ ಎಷ್ಟು ಪಾಲು ಮುಂಚೆ ಕಾರ್ಖಾನೆಯ ವೇತನ ಒಪ್ಪಂದದೊಳಗೆ ಇತ್ತು ಎಂದು ಕೇಳಲೇಬೇಕು.

ಒಪ್ಪಂದದ ಹೊರಗಿರುವುದೆಂದರೇನು ಎಂಬುದು ಗುತ್ತಿಗೆ ಬದಲಾದಾಗ ತಿಳಿಯಿತು. ಕಟ್ಟಡದ ಮಾಲೀಕರು ಟೆಂಡರ್ ಕರೆದು ನಿರ್ವಹಣೆಯನ್ನು ಇನ್ನೊಂದು ಏಜೆನ್ಸಿಗೆ ಕೊಟ್ಟರು. ಒಂದು ಶುಕ್ರವಾರ ನೀಲಿ ಅಂಗಿಯಲ್ಲಿ ಪಾಳಿ ಮುಗಿಸಿದವರು ಶನಿವಾರ ಬೂದು ಅಂಗಿಯಲ್ಲಿ ಅದೇ ಪಂಪುಗಳ ಮುಂದೆ ನಿಂತೆವು. ಜನ, ಯಂತ್ರ, ಲಾಗ್‌ಶೀಟು ಯಾವುದೂ ಬದಲಾಗಲಿಲ್ಲ. ಆದರೆ ಗ್ರಾಚ್ಯುಟಿಗೆ ಆಗ ಒಂದೇ ಉದ್ಯೋಗದಾತನ ಬಳಿ ಐದು ವರ್ಷ ಸತತ ಸೇವೆ ಬೇಕಿತ್ತು. ಹಳೆಯ ಏಜೆನ್ಸಿಯಲ್ಲಿ ನಮ್ಮ ಯಾರಿಗೂ ಐದು ತುಂಬಿರಲಿಲ್ಲ, ಹೊಸದರಲ್ಲಿ ಎಣಿಕೆ ಸೊನ್ನೆಯಿಂದ ಶುರುವಾಯಿತು. ಗುತ್ತಿಗೆಯ ಅವಧಿಯೇ ಐದಕ್ಕಿಂತ ಕಡಿಮೆ ಇರುವ ವ್ಯವಸ್ಥೆಯಲ್ಲಿ ಗ್ರಾಚ್ಯುಟಿ ಎಂಬುದು ಕಾಗದದ ಮೇಲಿನ ಹಕ್ಕಾಗಿ ಉಳಿದಿತ್ತು. ಒಂದು ಶೆಡ್ಡಿನ ಯಜಮಾನ ಒಂದೇ ಚೆಕ್ಕಿನಲ್ಲಿ ಕೊಟ್ಟ ಹಣವನ್ನು ಇಷ್ಟು ದೊಡ್ಡ ಕಟ್ಟಡದಲ್ಲಿ ಯಾರೂ ಕೊಡಬೇಕಾಗಿರಲಿಲ್ಲ. ಪಿಎಫ್ ಮಾತ್ರ ಯುಎಎನ್ ಇರುವುದರಿಂದ ಹಿಂದೆಯೇ ಬಂತು.

ಈ ಮಧ್ಯೆ ಕಾರ್ಖಾನೆಗಳು ಊರ ಅಂಚನ್ನೂ ದಾಟಿ ದೂರ ಹೋಗಿವೆ. ಬಿಡದಿಯಲ್ಲಿ ಟೊಯೊಟಾ, ಕೋಲಾರದ ನರಸಾಪುರದಲ್ಲಿ ಈಗ ಟಾಟಾ ನಡೆಸುತ್ತಿರುವ ಐಫೋನ್ ಘಟಕ, ದೇವನಹಳ್ಳಿಯ ಕಡೆ ಫಾಕ್ಸ್‌ಕಾನ್, ತುಮಕೂರಿನ ವಸಂತನರಸಾಪುರ. ನಾನು ಕೆಲಸ ಹುಡುಕಿಕೊಂಡು ಬಿಟ್ಟುಬಂದ ಗುಬ್ಬಿ ತಾಲ್ಲೂಕಿನಲ್ಲೇ 2023ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಎಕರೆಗಟ್ಟಲೆ ಜಾಗ ಬೇಕಾದ ಉದ್ಯಮಕ್ಕೆ ಬೆಂಗಳೂರಿನ ಒಳಗೆ ನೆಲ ಸಿಗುವ ಕಾಲ ಮುಗಿದಿದೆ. ಹೀಗಾಗಿ ನಗರದ ಲೆಕ್ಕದಲ್ಲಿ ತಯಾರಿಕೆ ಕುಗ್ಗಿದಂತೆ ಕಂಡರೂ, ಸುತ್ತಲಿನ ಜಿಲ್ಲೆಗಳನ್ನು ಸೇರಿಸಿಕೊಂಡರೆ ಚಿತ್ರ ಬೇರೆಯಾದೀತು.

ನನ್ನ ಅಕ್ಕನ ಮಗ ವಸಂತನರಸಾಪುರದ ಒಂದು ಕಾರ್ಖಾನೆಗೆ ಸಿಎನ್‌ಸಿ ಆಪರೇಟರ್ ಆಗಿ ಸೇರಿದಾಗ, ಮನೆಯಲ್ಲಿ ಮತ್ತೊಬ್ಬ ಕಾರ್ಖಾನೆಯವನಾದ ಎಂದು ಅಕ್ಕ ಹೋಳಿಗೆ ಮಾಡಿದ್ದಳು. ಊಟವಾದ ಮೇಲೆ ಅವನು ಫೋನಿನಲ್ಲಿ ಪಿಎಫ್ ಪಾಸ್‌ಬುಕ್ ತೋರಿಸಿ, “ಮಾವ, ಇದರಲ್ಲಿ ಎಲ್ಲ ಸರಿ ಇದೆಯಾ ನೋಡಿ” ಎಂದ. ಉದ್ಯೋಗದಾತರ ಹೆಸರಿನ ಸಾಲಿನಲ್ಲಿ ಕಾರ್ಖಾನೆಯ ಹೆಸರಿರಲಿಲ್ಲ, ಬೆಂಗಳೂರಿನ ಒಂದು ಮ್ಯಾನ್‌ಪವರ್ ಏಜೆನ್ಸಿಯ ಹೆಸರಿತ್ತು. ಪಿಎಫ್ ಸಂಸ್ಥೆ ತಿಂಗಳಿಗೊಮ್ಮೆ ಹೊರಡಿಸುವ ಉದ್ಯೋಗದ ಅಂಕಿಗಳಲ್ಲಿ ಇಂಥ ಏಜೆನ್ಸಿಗಳಿಗೆ ‘ಎಕ್ಸ್‌ಪರ್ಟ್ ಸರ್ವಿಸಸ್’ ಎಂಬ ಪ್ರತ್ಯೇಕ ಗುಂಪೇ ಇದೆ. ದಿನವೂ ಎಂಟು ಗಂಟೆ ಲೋಹ ಕಡಿಯುವ ಆ ಹುಡುಗನೂ, ಚಿಲ್ಲರಿನ ಮುಂದೆ ನಿಲ್ಲುವ ನಾನೂ ಅದೇ ಗುಂಪಿನಲ್ಲಿ ಎಣಿಕೆಯಾಗಿದ್ದೇವೆ. ಗುತ್ತಿಗೆ ಎಷ್ಟು ವರ್ಷದ್ದು ಎಂದು ಕೇಳಿದೆ. ಅದನ್ನು ಯಾರೂ ಹೇಳಿಲ್ಲ ಎಂದ. ಸೋಮವಾರ ಡ್ಯೂಟಿಗೆ ಹೋದಾಗ ಎಚ್‌ಆರ್ ಬಳಿ ಬರವಣಿಗೆಯಲ್ಲೇ ಕೇಳು ಎಂದು ಹೇಳಿ ಕಳಿಸಿದೆ.